ಡಯಾಬಿಟಿಸ್ ಇರುವ ಮಕ್ಕಳು: ರಕ್ತ ಏನು ಹೇಳುತ್ತದೆ, ಕಣ್ಣು ಏನು ಹೇಳುತ್ತದೆ

(ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಹೆಚ್ಚಿನವರು ಟೈಪ್ 1 ಡಯಾಬಿಟಿಸ್, ಅಂದರೆ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ, ಇರುವ ಮಕ್ಕಳ ಅಪ್ಪ ಅಮ್ಮಂದಿರು. ಇನ್ಸುಲಿನ್ ಡೋಸ್ ಬಗ್ಗೆಯಾಗಲಿ, ಶುಗರ್ ಇಳಿದಾಗ ಏನು ಮಾಡಬೇಕು ಎಂಬುದರ ಬಗ್ಗೆಯಾಗಲಿ ನಿಮಗೆ ನಾನು ಹೇಳಿಕೊಡುವಂಥದ್ದು ಏನಿಲ್ಲ. ಅದನ್ನು ದಿನಾ ಮಾಡುತ್ತಿರುವವರು ನೀವು. ನಾನು ಕಣ್ಣಿನ ವೈದ್ಯೆ. ನಿಮ್ಮ ಕೈಯಲ್ಲಿರುವ ರಕ್ತದ ರಿಪೋರ್ಟ್‌ಗೂ ನಾನು ನೋಡುವ ಕಣ್ಣಿನ ಒಳಭಾಗಕ್ಕೂ ಏನು ಸಂಬಂಧ, ಆ ಸಂಬಂಧ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದಷ್ಟನ್ನೇ ಇವತ್ತು ಮಾತಾಡುತ್ತೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಪಾಯ ಎಷ್ಟಿದೆ ಅಂತ ರಕ್ತ ಹೇಳುತ್ತದೆ. ಹಾನಿ ಆಗಿದೆಯೋ ಇಲ್ಲವೋ ಅಂತ ತಿಳಿಯಲು ಕಣ್ಣೊಳಗೇ ನೋಡಬೇಕು. ರಕ್ತದ ರಿಪೋರ್ಟ್ ಚೆನ್ನಾಗಿದೆ, ಹಾಗಾಗಿ ಕಣ್ಣು ತೋರಿಸುವುದು ಬೇಡ ಎನ್ನುವುದು ತಪ್ಪು. ಕಣ್ಣು ಚೆನ್ನಾಗಿದೆ, ಹಾಗಾಗಿ ರಕ್ತದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ ಎನ್ನುವುದೂ ಅಷ್ಟೇ ತಪ್ಪು.

ನೂರು ವರ್ಷದ ಹಿಂದೆ ಈ ವಿಷಯದ ಮೇಲೆ ಉಪನ್ಯಾಸ ಮಾಡುವ ಅಗತ್ಯವೇ ಇರಲಿಲ್ಲ. 1922ರ ಜನವರಿ 11ರಂದು ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕಿಂತ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಸಾಮಾನ್ಯವಾಗಿ ಒಂದೆರಡು ವರ್ಷವಷ್ಟೇ ಬದುಕುತ್ತಿದ್ದರು. ಕಣ್ಣಿನ ರಕ್ತನಾಳ ಹಾಳಾಗಲು ಅದಕ್ಕಿಂತ ತುಂಬಾ ಜಾಸ್ತಿ ಸಮಯ ಬೇಕು. ಇನ್ಸುಲಿನ್ ಬಂದು ಮಕ್ಕಳು ಬದುಕಿ ದೊಡ್ಡವರಾದ ಮೇಲೆ ಕಣ್ಣಿನ ಪ್ರಶ್ನೆ ಎದ್ದಿತು. ಈಗ ನಿಮ್ಮ ಮಗು 70, 80 ವರ್ಷ ಬದುಕುತ್ತದೆ ಎಂದುಕೊಂಡೇ ನಾವು ಯೋಚನೆ ಮಾಡುತ್ತೇವೆ. ಅಷ್ಟು ವರ್ಷವೂ ಅದಕ್ಕೆ ಚೆನ್ನಾಗಿ ಕಾಣಬೇಕು, ಅಲ್ವಾ?

ಕಣ್ಣಿನ ಹಿಂದೆ ಏನಾಗುತ್ತದೆ

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳು ಪದರ ಇದೆ. ಬೆಳಕನ್ನು ಗ್ರಹಿಸುವುದು ಅದೇ. ಅದಕ್ಕೆ ರಕ್ತ ಕೊಡುವ ನಾಳಗಳು ಕೂದಲಿಗಿಂತ ಎಷ್ಟೋ ಸಣ್ಣವು. ಆ ನಾಳಗಳ ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಜೀವಕೋಶಗಳಿವೆ, ಪೆರಿಸೈಟ್ ಅಂತ ಅವುಗಳ ಹೆಸರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೊದಲು ಸಾಯುವವುಗಳಲ್ಲಿ ಇವೂ ಸೇರಿವೆ. ಆಸರೆ ತಪ್ಪಿದ ಜಾಗದಲ್ಲಿ ನಾಳ ಉಬ್ಬುತ್ತದೆ. ಹಳೆಯ ರಬ್ಬರ್ ಪೈಪ್ ಸವೆದ ಕಡೆ ಗುಳ್ಳೆಯಂತೆ ಉಬ್ಬುತ್ತದಲ್ಲ, ಹಾಗೆ. ನಾವು ಪರೀಕ್ಷೆ ಮಾಡುವಾಗ ಅದು ಸಣ್ಣ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಡಯಾಬಿಟಿಸ್ ಹೀಗೆ ರೆಟಿನಾಗೆ ಮಾಡುವ ಹಾನಿಗೆ ರೆಟಿನೋಪತಿ ಎನ್ನುತ್ತೇವೆ, ಹೆಚ್ಚಾಗಿ ಅದರ ಮೊದಲ ಗುರುತು ಇದೇ.

ಮುಂದೆ ಆ ನಾಳ ಸೋರಲು ಶುರುವಾಗಬಹುದು. ನೇರ ನೋಟಕ್ಕೆ ಬೇಕಾದ ಮ್ಯಾಕುಲ ಎಂಬ ಜಾಗದಲ್ಲಿ ಸೋರಿದರೆ ಅಲ್ಲಿ ಊದಿಕೊಂಡು ಅಕ್ಷರ ಮಸುಕಾಗುತ್ತದೆ. ಇನ್ನು ಕೆಲವು ನಾಳ ಮುಚ್ಚಿಹೋಗುತ್ತವೆ. ರಕ್ತ ಸಿಗದ ರೆಟಿನಾ ವಿಇಜಿಎಫ್ ಎಂಬ ರಾಸಾಯನಿಕವನ್ನು ಬಿಡುತ್ತದೆ, ಹೊಸ ನಾಳ ಬೆಳೆಸಿಕೊಳ್ಳಲು. ಆದರೆ ಹಾಗೆ ಬೆಳೆದ ನಾಳಗಳು ತೀರಾ ದುರ್ಬಲ. ಅವು ಒಡೆದು ಕಣ್ಣೊಳಗೆ ರಕ್ತ ತುಂಬಬಹುದು. ಅವುಗಳ ಜೊತೆ ಬೆಳೆಯುವ ಗಾಯದಂಥ ಪದರ ರೆಟಿನಾವನ್ನು ಎಳೆದು ಕೀಳಲೂಬಹುದು. ದೃಷ್ಟಿ ಹೋಗುವುದು ಹೀಗೆ.

ಇಲ್ಲಿ ಎರಡು ವಿಷಯ ಗಮನಿಸಿ. ಇಷ್ಟೆಲ್ಲ ನಡೆಯುವಾಗ ನೋವೇ ಇರುವುದಿಲ್ಲ. ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನು ಮಗು ಕೊನೆಯ ಸಾಲಿನವರೆಗೂ ಓದಬಹುದು. ಹಾಗಾಗಿ "ಅವಳಿಗೆ ಕಣ್ಣು ಸರಿಯಾಗೇ ಕಾಣುತ್ತದೆ" ಎಂಬ ಮಾತಿನ ಮೇಲೆ ನಾನು ಯಾವತ್ತೂ ಭರವಸೆ ಇಡುವುದಿಲ್ಲ. ಎರಡನೆಯದು ಸಮಾಧಾನದ ಮಾತು. ಪ್ರಾಯಕ್ಕೆ ಬರುವ ಮುಂಚೆ ದೃಷ್ಟಿಗೇ ಅಪಾಯ ತರುವ ಹಂತ ಬಹಳ ಅಪರೂಪ. ಮಕ್ಕಳಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಮೊದಲ ಹಂತದ ಕೆಲವು ಚುಕ್ಕೆಗಳು, ಅಷ್ಟೇ. ಅವು ಕೆಲವೊಮ್ಮೆ ಮಾಯವಾಗುವುದೂ ಉಂಟು.

ಮೂರು ತಿಂಗಳ ನೆನಪು

ಈಗ ರಕ್ತಕ್ಕೆ ಬರೋಣ. ಎಚ್‌ಬಿಎ1ಸಿ ನಿಮಗೆಲ್ಲ ಗೊತ್ತಿರುವ ಹೆಸರು. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಅಂಟುವುದು ಜಾಸ್ತಿ. ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎಷ್ಟು ಶೇಕಡಾ ಇದೆ ಎಂಬುದೇ ಈ ಅಂಕಿ. ಕಣ ಸುಮಾರು 120 ದಿನ ಬದುಕುತ್ತದೆ, ಅಂಟಿದ ಸಕ್ಕರೆ ಅಲ್ಲಿಯವರೆಗೂ ಉಳಿಯುತ್ತದೆ. ಡಯಾಬಿಟಿಸ್ ಇರುವವರಲ್ಲಿ ಇಂಥ ಹಿಮೋಗ್ಲೋಬಿನ್ ಜಾಸ್ತಿ ಇರುತ್ತದೆ ಎಂದು 1968ರಲ್ಲಿ ತೋರಿಸಿದವರು ಇರಾನಿನ ಸ್ಯಾಮ್ಯುಯೆಲ್ ರಹಬರ್. ಈಗ ಜಗತ್ತೆಲ್ಲ ಬಳಸುವ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ.

ಇದು ಎರಡು ಮೂರು ತಿಂಗಳ ಸರಾಸರಿ ಎನ್ನುತ್ತೇವೆ. ಆದರೆ ಎಲ್ಲ ದಿನಗಳಿಗೂ ಒಂದೇ ತೂಕ ಇಲ್ಲ. ಅಂಕಿಯ ಹೆಚ್ಚುಕಡಿಮೆ ಅರ್ಧ ಭಾಗ ಕೊನೆಯ ಒಂದು ತಿಂಗಳದ್ದು. 7 ಶೇಕಡಾ ಅಂದರೆ ಸರಾಸರಿ ಶುಗರ್ (100 ಮಿಲಿಲೀಟರ್ ರಕ್ತದಲ್ಲಿ) ಸುಮಾರು 154 ಮಿಲಿಗ್ರಾಂ, 8 ಅಂದರೆ 183, 9 ಅಂದರೆ 212. ಅಂದರೆ ಒಂದು ಶೇಕಡಾ ಏರಿದರೆ ಸರಾಸರಿ ಸುಮಾರು 29 ಮಿಲಿಗ್ರಾಂ ಏರಿದಂತೆ.

ಈ ಅಂಕಿಗೂ ಕಣ್ಣಿಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದ್ದು ಡಿಸಿಸಿಟಿ ಎಂಬ ಅಧ್ಯಯನ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆಯಿತು. 13ರಿಂದ 39 ವರ್ಷದ 1,441 ಮಂದಿ ಟೈಪ್ 1 ಇರುವವರು ಇದರಲ್ಲಿದ್ದರು. ಒಂದು ಗುಂಪಿಗೆ ಆಗಿನ ಮಾಮೂಲಿ ಚಿಕಿತ್ಸೆ, ಅವರ ಎಚ್‌ಬಿಎ1ಸಿ 9ರ ಆಸುಪಾಸು. ಇನ್ನೊಂದು ಗುಂಪಿಗೆ ಬಿಗಿಯಾದ ಚಿಕಿತ್ಸೆ, ಅವರದು 7ರ ಆಸುಪಾಸು. ಶುರುವಿನಲ್ಲಿ ರೆಟಿನೋಪತಿ ಇಲ್ಲದವರನ್ನು ಹೋಲಿಸಿದಾಗ, ಬಿಗಿ ಚಿಕಿತ್ಸೆಯಲ್ಲಿ ಅದು ಬರುವ ಅಪಾಯ 76 ಶೇಕಡಾ ಕಡಿಮೆಯಾಗಿತ್ತು. ಆಗಲೇ ಸ್ವಲ್ಪ ಇದ್ದವರಲ್ಲಿ ಅದು ಮುಂದುವರಿಯುವ ಅಪಾಯ 54 ಶೇಕಡಾ ಇಳಿದಿತ್ತು.

ಅದರಲ್ಲಿದ್ದ 195 ಹದಿಹರೆಯದವರ ಕತೆ ನಮಗೆ ಇನ್ನೂ ಹತ್ತಿರದ್ದು. ಎಷ್ಟು ಪ್ರಯತ್ನಪಟ್ಟರೂ ಅವರ ಸರಾಸರಿ ದೊಡ್ಡವರಷ್ಟು ಇಳಿಯಲಿಲ್ಲ. ಬಿಗಿ ಚಿಕಿತ್ಸೆಯಲ್ಲಿ ಸುಮಾರು 8.1, ಮಾಮೂಲಿ ಚಿಕಿತ್ಸೆಯಲ್ಲಿ ಸುಮಾರು 9.8. ಆದರೂ ಹೊಸದಾಗಿ ರೆಟಿನೋಪತಿ ಬರುವ ಅಪಾಯ 53 ಶೇಕಡಾ ಕಡಿಮೆಯಾಯಿತು. 8.1 ಎಂದು ಬಂದ ರಿಪೋರ್ಟ್ ನೋಡಿ ಮನೆಯವರೆಲ್ಲ ಮುಖ ಸಪ್ಪೆ ಮಾಡಿಕೊಳ್ಳುತ್ತಾರಲ್ಲ, ಆಗ ಇದನ್ನು ನೆನಪಿಸಿಕೊಳ್ಳಿ. 9.8ರಿಂದ 8.1ಕ್ಕೆ ಬಂದದ್ದೂ ಕಣ್ಣಿನ ಮಟ್ಟಿಗೆ ದೊಡ್ಡ ಲಾಭ. ಇದಕ್ಕೆ ಬೆಲೆಯೂ ಇತ್ತು: ಬಿಗಿ ಚಿಕಿತ್ಸೆಯಲ್ಲಿ ಶುಗರ್ ತೀರಾ ಇಳಿದುಹೋಗುವ ಘಟನೆಗಳು ಸುಮಾರು ಮೂರು ಪಟ್ಟಾಗಿದ್ದವು. ಇವತ್ತಿನ ಇನ್ಸುಲಿನ್, ಅದನ್ನು ಕೊಡುವ ಪಂಪ್, ಶುಗರ್ ಅಳೆಯುತ್ತಲೇ ಇರುವ ಸೆನ್ಸರ್‌ಗಳಿಂದ ಆ ಭಯ ಎಷ್ಟೋ ಕಡಿಮೆಯಾಗಿದೆ.

ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನವರ ಎಚ್‌ಬಿಎ1ಸಿ ಹತ್ತಿರ ಹತ್ತಿರ ಬಂದು 8ರ ಆಸುಪಾಸಿನಲ್ಲಿ ನಿಂತಿತು. ಆದರೆ ಕಣ್ಣಿನ ವ್ಯತ್ಯಾಸ ಮಾಯವಾಗಲಿಲ್ಲ. ಮೊದಲು ಚೆನ್ನಾಗಿ ಹಿಡಿತದಲ್ಲಿದ್ದವರಿಗೆ ವರ್ಷಗಳ ನಂತರವೂ ರಕ್ಷಣೆ ಉಳಿದಿತ್ತು. ಇದನ್ನು ಮೆಟಬಾಲಿಕ್ ಮೆಮೊರಿ ಎನ್ನುತ್ತಾರೆ. ಅಂದರೆ ಮೊದಲ ವರ್ಷಗಳನ್ನು ದೇಹ ಮರೆಯುವುದಿಲ್ಲ. "ಈಗ ಚಿಕ್ಕವನು, ದೊಡ್ಡವನಾದ ಮೇಲೆ ಸರಿ ಮಾಡಿಕೊಳ್ಳುತ್ತಾನೆ" ಎನ್ನುವ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಚಿಕ್ಕಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ.

ಸ್ವೀಡನ್ನಿನ ಆಗ್ನೇಯ ಭಾಗದಲ್ಲಿ ಇನ್ನೊಂದು ಅಧ್ಯಯನ ನಡೆಯಿತು. 1983ರಿಂದ 1987ರ ನಡುವೆ ಟೈಪ್ 1 ಪತ್ತೆಯಾದವರನ್ನು 20 ವರ್ಷಕ್ಕೂ ಜಾಸ್ತಿ ಗಮನಿಸಿದರು. ಅಷ್ಟೂ ವರ್ಷಗಳ ಸರಾಸರಿ 7.6ಕ್ಕಿಂತ ಕಡಿಮೆ ಇದ್ದವರಲ್ಲಿ ಒಬ್ಬರಿಗೂ ಹೊಸ ನಾಳ ಬೆಳೆಯುವ ತೀವ್ರ ಹಂತ ಬರಲಿಲ್ಲ. 9.5ಕ್ಕಿಂತ ಮೇಲಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಬಂತು. ಒಂದು ಕೆಟ್ಟ ರಿಪೋರ್ಟ್‌ನಿಂದ ಯಾರೂ ಕಣ್ಣು ಕಳೆದುಕೊಳ್ಳುವುದಿಲ್ಲ, ಒಂದು ಒಳ್ಳೆಯ ರಿಪೋರ್ಟ್‌ನಿಂದ ಯಾರ ಕಣ್ಣೂ ಉಳಿಯುವುದಿಲ್ಲ. ವರ್ಷಗಳ ಮೊತ್ತವೇ ಮುಖ್ಯ.

ಅಂಕಿ ದಾರಿ ತಪ್ಪಿಸುವ ಕಡೆ

ಎಚ್‌ಬಿಎ1ಸಿ ಕೆಂಪು ಕಣದ ಆಯಸ್ಸಿನ ಮೇಲೆ ನಿಂತಿದೆ. ಆಯಸ್ಸು ಬದಲಾದರೆ ಅಂಕಿಯೂ ಬದಲಾಗುತ್ತದೆ. ಕಬ್ಬಿಣಾಂಶದ ಕೊರತೆ ಇರುವ ಮಗುವಿನಲ್ಲಿ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ, ಇತ್ತೀಚೆಗೆ ಮಗುವಿಗೆ ಬೇರೆಯವರ ರಕ್ತ ಏರಿಸಿದ್ದಾಗ ಕಡಿಮೆ ತೋರಿಸಬಹುದು. ಥಲಸ್ಸೀಮಿಯದಂತಹ ಹಿಮೋಗ್ಲೋಬಿನ್ ಕಾಯಿಲೆಗಳಿದ್ದರೂ ನಂಬುವುದು ಕಷ್ಟ. ಬೆರಳು ಚುಚ್ಚಿ ನೋಡಿದ ಶುಗರ್‌ಗೂ ಎಚ್‌ಬಿಎ1ಸಿಗೂ ತಾಳೆಯಾಗದಿದ್ದರೆ ಮಗುವಿನ ಮೇಲೆ ಅನುಮಾನ ಪಡಬೇಡಿ. ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಅಂಥ ಕಡೆ ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ, ಅದು ಎರಡು ಮೂರು ವಾರಗಳ ಚಿತ್ರ ಕೊಡುತ್ತದೆ.

ಟೈಪ್ 1 ಮಕ್ಕಳಿಗೆ ಥೈರಾಯ್ಡ್ ಮತ್ತು ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಏಕೆ ಮಾಡಿಸುತ್ತಾರೆ ಎಂದು ಕೇಳುತ್ತಿರುತ್ತೀರಿ. ಮೂರೂ ದೇಹವೇ ತನ್ನ ಮೇಲೆ ದಾಳಿ ಮಾಡುವ ಕಾಯಿಲೆಗಳು, ಒಟ್ಟಿಗೆ ಬರುವುದುಂಟು. ಸೀಲಿಯಾಕ್ ಅಂದರೆ ಗೋಧಿಯಂಥವುಗಳಲ್ಲಿರುವ ಗ್ಲುಟನ್‌ನಿಂದ ಕರುಳು ಹಾಳಾಗುವ ಕಾಯಿಲೆ; ಅದಿದ್ದರೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಗ ಎಚ್‌ಬಿಎ1ಸಿ ಕೂಡ ತಪ್ಪು ಓದಬಹುದು. ನೋಡಿ, ಎಲ್ಲಿಂದ ಎಲ್ಲಿಗೆ ಕೊಂಡಿ!

ಸರಾಸರಿಗೆ ಇನ್ನೊಂದು ಮಿತಿ ಇದೆ. ಒಂದು ಮಗುವಿನ ಶುಗರ್ ದಿನವಿಡೀ 130ರಿಂದ 180ರ ನಡುವೆ ಇದೆ. ಇನ್ನೊಂದರದು 50ಕ್ಕೆ ಇಳಿದು 350ಕ್ಕೆ ಏರುತ್ತದೆ. ಇಬ್ಬರ ಎಚ್‌ಬಿಎ1ಸಿಯೂ ಒಂದೇ ಬರಬಹುದು. ಅದಕ್ಕೇ ಸೆನ್ಸರ್ ಹಾಕಿಕೊಂಡ ಮಕ್ಕಳಲ್ಲಿ 70ರಿಂದ 180ರ ನಡುವೆ ಎಷ್ಟು ಹೊತ್ತು ಇದ್ದರು ಎಂದು ನೋಡುತ್ತೇವೆ. ದಿನದ 70 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು.

ಜೊತೆಗೆ ನೋಡಬೇಕಾದವು

ರೆಟಿನಾದ ನಾಳ ಹಾಳಾದ ಕಡೆ ಕಿಡ್ನಿಯ ನಾಳವೂ ಹಾಳಾಗುವ ಸಾಧ್ಯತೆ ಜಾಸ್ತಿ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಿದೆಯೇ ಎಂದು ಪರೀಕ್ಷೆ ಮಾಡಿಸುವುದು ಅದಕ್ಕೆ. ಒಮ್ಮೆ ಜಾಸ್ತಿ ಬಂತು ಅಂತ ಗಾಬರಿಯಾಗಬೇಡಿ. ಜ್ವರ ಇದ್ದಾಗ, ಜೋರಾಗಿ ಆಟ ಆಡಿದ ಮೇಲೆ, ಮುಟ್ಟಿನ ದಿನಗಳಲ್ಲಿ ಸುಮ್ನೆ ಏರುತ್ತದೆ. ಬೇರೆ ಬೇರೆ ದಿನದ ಮೂರು ಮಾದರಿಗಳಲ್ಲಿ ಎರಡರಲ್ಲಾದರೂ ಜಾಸ್ತಿ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಬಿಪಿ ಮತ್ತು ಕೊಲೆಸ್ಟ್ರಾಲ್ ಕೂಡ ನೋಡಬೇಕು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 100ರೊಳಗೆ ಇರಲಿ ಎನ್ನುವುದು ಗುರಿ.

ಇವುಗಳಾಚೆಗೆ ಸಂಶೋಧಕರು ರಕ್ತದಲ್ಲಿ ಇನ್ನೂ ಎಷ್ಟೋ ಗುರುತುಗಳನ್ನು ಹುಡುಕುತ್ತಿದ್ದಾರೆ. ಉರಿಯೂತದ ಸೂಚಕಗಳು, ನಾಳದ ಗೋಡೆಯಿಂದ ಬಿಡುಗಡೆಯಾಗುವ ಅಣುಗಳು, ರಕ್ತದಲ್ಲಿ ವಿಇಜಿಎಫ್ ಮಟ್ಟ, ಮೈಕ್ರೋ ಆರ್‌ಎನ್‌ಎ ಹೀಗೆ. ಒಳ್ಳೆಯ ಕೆಲಸ ಅದು, ನಡೆಯಲೇಬೇಕು. ಆದರೆ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಸರಾಸರಿ ವ್ಯತ್ಯಾಸ ಸಿಕ್ಕಿತು ಎನ್ನುವುದು ಬೇರೆ, ನಿಮ್ಮ ಮಗುವಿಗೆ ಮುಂದೆ ಏನಾಗುತ್ತದೆ ಎಂದು ಹೇಳುವುದು ಬೇರೆ. ಇವುಗಳಲ್ಲಿ ಹಲವು ತೂಕ ಹೆಚ್ಚಾದರೆ, ಪ್ರಾಯ ಬಂದರೆ, ಒಂದು ನೆಗಡಿ ಬಂದರೂ ಏರಿಳಿಯುತ್ತವೆ. ಕಣ್ಣಿನ ಪರೀಕ್ಷೆಯ ಬದಲಿಗೆ ಈ ರಕ್ತಪರೀಕ್ಷೆ ಸಾಕು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ದುಡ್ಡನ್ನು ಗ್ಲೂಕೋಸ್ ಸ್ಟ್ರಿಪ್‌ಗೆ ಬಳಸಿ.

ಹನ್ನೊಂದು ವರ್ಷ ಏಕೆ

ಪ್ರಾಯಕ್ಕೆ ಬರುವಾಗ ಬೆಳವಣಿಗೆಯ ಹಾರ್ಮೋನು ಏರುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಹಿಂದಿನ ವರ್ಷ ಸಾಕಾಗುತ್ತಿದ್ದ ಡೋಸ್ ಈ ವರ್ಷ ಸಾಲುವುದಿಲ್ಲ. ಅದು ಮಗುವಿನ ಸೋಮಾರಿತನ ಅಲ್ಲ, ದೇಹದ ಕೆಲಸ. ಕಣ್ಣಿನ ಬದಲಾವಣೆಗಳು ವೇಗ ಪಡೆಯುವುದೂ ಈ ಹೊತ್ತಿನಲ್ಲೇ. ಹಾಗಾಗಿ ಟೈಪ್ 1 ಮಕ್ಕಳಿಗೆ 11 ವರ್ಷ ತುಂಬಿದ ಮೇಲೆ ಅಥವಾ ಪ್ರಾಯ ಶುರುವಾದ ಮೇಲೆ, ಕಾಯಿಲೆ ಬಂದು ಮೂರರಿಂದ ಐದು ವರ್ಷ ಆಗಿದ್ದರೆ, ಕಣ್ಣಿನ ತಪಾಸಣೆ ಶುರುಮಾಡಬೇಕು ಎಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುತ್ತದೆ. ಮಕ್ಕಳ ಡಯಾಬಿಟಿಸ್‌ಗೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಸ್ಪ್ಯಾಡ್ ಕೂಡ 11 ವರ್ಷವನ್ನೇ ಹೇಳುತ್ತದೆ, ಕಾಯಿಲೆ ಬಂದು ಎರಡು ವರ್ಷವಾಗಿದ್ದರೂ ಶುರುಮಾಡಬಹುದು ಎನ್ನುತ್ತದೆ. ಆಮೇಲೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಚುಕ್ಕೆ ಕಂಡರೆ, ಅಂಕಿ ಜಾಸ್ತಿ ಇದ್ದರೆ ಇನ್ನೂ ಬೇಗ.

ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ದೇಹದಲ್ಲಿ ಅದು ಸರಿಯಾಗಿ ಕೆಲಸ ಮಾಡದ ಡಯಾಬಿಟಿಸ್, ಇರುವ ಮಕ್ಕಳಿಗೆ ಈ ಕಾಯುವಿಕೆ ಇಲ್ಲ. ಪತ್ತೆಯಾದ ಕೂಡಲೇ ನೋಡಬೇಕು. ಯಾಕೆಂದರೆ ಕಾಯಿಲೆ ಎಷ್ಟು ದಿನದಿಂದ ಸದ್ದಿಲ್ಲದೆ ಇತ್ತೋ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಟೈಪ್ 2 ಇರುವ ಎಳೆಯರ ಮೇಲೆ ನಡೆದ ಟುಡೇ ಎಂಬ ಅಧ್ಯಯನದಲ್ಲಿ ಸುಮಾರು ಐದು ವರ್ಷದ ಹೊತ್ತಿಗೆ 13.7 ಶೇಕಡಾ ಮಂದಿಗೆ ರೆಟಿನೋಪತಿ ಇತ್ತು. ಇನ್ನೊಂದು ಏಳು ವರ್ಷ ಕಳೆದಾಗ ಅರ್ಧದಷ್ಟು ಮಂದಿಗೆ. ಅವರಿನ್ನೂ ಇಪ್ಪತ್ತರ ಹರೆಯದವರು. ಟೈಪ್ 2 ಅಂದರೆ ಸೌಮ್ಯ ಎಂಬ ಕಲ್ಪನೆ ಮಕ್ಕಳ ವಿಷಯದಲ್ಲಿ ಪೂರ್ತಿ ತಪ್ಪು.

ತಪಾಸಣೆ ಕಷ್ಟದ್ದಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡುತ್ತೇವೆ, ಅಥವಾ ರೆಟಿನಾದ ಫೋಟೋ ತೆಗೆಯುತ್ತೇವೆ. ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ, ಅಷ್ಟೇ. ಆದರೂ ಬಹಳ ಮಕ್ಕಳು ಬರುವುದೇ ಇಲ್ಲ, ಇನ್ನೊಂದು ಆಸ್ಪತ್ರೆ, ಇನ್ನೊಂದು ದಿನ ರಜೆ ಎಂಬ ಕಾರಣಕ್ಕೆ. ಬಾಲ್ಟಿಮೋರ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಡಯಾಬಿಟಿಸ್ ಕ್ಲಿನಿಕ್ಕಿನಲ್ಲೇ ಕ್ಯಾಮೆರಾ ಇಟ್ಟು, ಕೃತಕ ಬುದ್ಧಿಮತ್ತೆಯಿಂದ ಫೋಟೋ ಓದಿಸಿದರು. ಆ ಗುಂಪಿನಲ್ಲಿ ಎಲ್ಲರ ತಪಾಸಣೆಯೂ ಆರು ತಿಂಗಳೊಳಗೆ ಮುಗಿಯಿತು. ಕಣ್ಣಿನ ವೈದ್ಯರ ಬಳಿ ಹೋಗಿ ಎಂದು ಚೀಟಿ ಕೊಟ್ಟ ಗುಂಪಿನಲ್ಲಿ ಮುಗಿಸಿದವರು 22 ಶೇಕಡಾ ಮಾತ್ರ. ನನಗೆ ಇದರಿಂದ ಅನಿಸಿದ್ದು, ಪೋಷಕರನ್ನು ಬೈಯುವುದಕ್ಕಿಂತ ಕ್ಯಾಮೆರಾವನ್ನು ಮಕ್ಕಳಿರುವ ಕಡೆ ತರುವುದು ಮೇಲು.

ಬೇಗ ಇಳಿಸಿದಾಗ

ವರ್ಷಗಟ್ಟಲೆ 11, 12 ಇದ್ದ ಎಚ್‌ಬಿಎ1ಸಿಯನ್ನು ಕೆಲವೇ ತಿಂಗಳಲ್ಲಿ 7ಕ್ಕೆ ತಂದರೆ ಕೆಲವರಲ್ಲಿ ರೆಟಿನೋಪತಿ ಮೊದಲು ಸ್ವಲ್ಪ ಜಾಸ್ತಿಯಾಗುತ್ತದೆ. ಡಿಸಿಸಿಟಿಯಲ್ಲೂ ಇದು ಕಂಡಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಅವರ ಕಣ್ಣೇ ಚೆನ್ನಾಗಿ ಉಳಿಯಿತು. ಹಾಗಾಗಿ ಇಳಿಸುವುದನ್ನು ಬಿಡಬಾರದು. ಪಂಪ್ ಶುರುಮಾಡುವ ಮುಂಚೆ, ಚಿಕಿತ್ಸೆ ಬಿಗಿ ಮಾಡುವ ಮುಂಚೆ ಒಮ್ಮೆ ಕಣ್ಣು ತೋರಿಸಿ, ಆಮೇಲೆ ಕೆಲವು ತಿಂಗಳಿಗೊಮ್ಮೆ ನೋಡಿಸುತ್ತಿರಿ.

ಅಂಕಿ ಪರೀಕ್ಷೆಯ ಮಾರ್ಕ್ಸ್ ಅಲ್ಲ

ಇದನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. "ಈ ಸಲ ಎಷ್ಟು ಬಂತು?" ಎಂದು ಮಗುವನ್ನು ಎಲ್ಲರ ಮುಂದೆ ಕೇಳಬೇಡಿ. ಬೈಗುಳ ತಿಂದ ಮಗು ಶುಗರ್ ಇಳಿಸುವುದನ್ನು ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತದೆ. ಡೈರಿಯಲ್ಲಿ ಸುಳ್ಳು ಅಂಕಿ ಬರೆಯುತ್ತದೆ. ಹದಿಹರೆಯದಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ತೂಕ ಇಳಿಸಲು ಇನ್ಸುಲಿನ್ ತಪ್ಪಿಸುವುದು ಉಂಟು. ಅಂಥವರಲ್ಲಿ ರೆಟಿನೋಪತಿ ಜಾಸ್ತಿ ಎಂಬುದು ಗೊತ್ತಿರುವ ಸಂಗತಿ. ಎಚ್‌ಬಿಎ1ಸಿ ಇದ್ದಕ್ಕಿದ್ದಂತೆ ಏರಿದರೆ "ಏನು ತಿಂದೆ?" ಎನ್ನುವ ಬದಲು "ಏನಾಯ್ತು ಮಗಳೇ?" ಎಂದು ಕೇಳಿ. ಎರಡಕ್ಕೂ ಬರುವ ಉತ್ತರ ಬೇರೆಯೇ ಇರುತ್ತದೆ.

ಸಭಿಕರ ಪ್ರಶ್ನೆಗಳು

*ಡಾಕ್ಟ್ರೇ, ಇನ್ಸುಲಿನ್ ಶುರುಮಾಡಿದ ಮೇಲೆ ಮಗನಿಗೆ ದೂರದ್ದು ಮಸುಕಾಗಿದೆ. ಕನ್ನಡಕ ಮಾಡಿಸಲಾ?*

ಸದ್ಯಕ್ಕೆ ಬೇಡ. ಶುಗರ್ ಏರಿಳಿದಾಗ ಕಣ್ಣಿನ ಮಸೂರದಲ್ಲಿ ನೀರಿನಂಶ ಬದಲಾಗುತ್ತದೆ, ನಂಬರ್ ಕೂಡ ಬದಲಾಗುತ್ತದೆ. ಶುಗರ್ ಒಂದು ಹದಕ್ಕೆ ಬಂದು ಕೆಲವು ವಾರ ಕಳೆಯಲಿ. ಆದರೆ ಕಣ್ಣು ತೋರಿಸುವುದನ್ನು ಮುಂದೂಡಬೇಡಿ. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಕೆಲವು ಮಕ್ಕಳಿಗೆ ಪೊರೆ ಬಂದಿರುತ್ತದೆ, ಹೆಚ್ಚಾಗಿ ಬಹಳ ಕಾಲ ಗೊತ್ತಾಗದೆ ಶುಗರ್ ತುಂಬಾ ಏರಿದ್ದವರಿಗೆ. ಅದಕ್ಕೆ 11 ವರ್ಷದ ನಿಯಮ ಅನ್ವಯಿಸುವುದಿಲ್ಲ.

*ಮೊಬೈಲ್ ನೋಡಿದರೆ ರೆಟಿನೋಪತಿ ಬರುತ್ತಾ?*

ಇಲ್ಲ. ಮೊಬೈಲ್ ಕಡಿಮೆ ಮಾಡಲು ಬೇರೆ ಕಾರಣಗಳಿವೆ, ಇದು ಅದರಲ್ಲಿ ಸೇರುವುದಿಲ್ಲ.

*ರಿಪೋರ್ಟ್‌ನಲ್ಲಿ "ಸೌಮ್ಯ ರೆಟಿನೋಪತಿ" ಅಂತ ಬಂದಿದೆ. ಮಗಳು ಆಟ ಬಿಡಬೇಕಾ?*

ಬೇಡ, ಆಡಲಿ. ಹೊಸ ನಾಳ ಬೆಳೆದ ತೀವ್ರ ಹಂತದಲ್ಲಿ ಮಾತ್ರ ಭಾರ ಎತ್ತುವಂಥದ್ದನ್ನು ತಡೆಯುತ್ತೇವೆ. ಸೌಮ್ಯ ಹಂತಕ್ಕೆ ಕಣ್ಣಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಹಿಡಿತದಲ್ಲಿಡಿ, ಹೇಳಿದ ದಿನಕ್ಕೆ ಬಂದು ತೋರಿಸಿ. ಮುಂದುವರಿದರೂ ಲೇಸರ್ ಇದೆ, ವಿಇಜಿಎಫ್ ತಡೆಯುವ ಇಂಜೆಕ್ಷನ್ ಇದೆ, ಆಪರೇಷನ್ ಇದೆ. ತೀವ್ರವಾದ ದೃಷ್ಟಿನಾಶದ ಅಪಾಯವನ್ನು ಲೇಸರ್ ಅರ್ಧಕ್ಕಿಂತ ಜಾಸ್ತಿ ಇಳಿಸುತ್ತದೆ ಎಂದು 1976ರಲ್ಲೇ ತೋರಿಸಿದ್ದಾರೆ. ಆದರೆ ಇವು ಉಳಿದಿರುವ ದೃಷ್ಟಿಯನ್ನು ಕಾಪಾಡುವಷ್ಟು ಚೆನ್ನಾಗಿ ಹೋದದ್ದನ್ನು ತಂದುಕೊಡುವುದಿಲ್ಲ.

*ಯಾವಾಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಓಡಿ ಬರಬೇಕು?*

ಇದ್ದಕ್ಕಿದ್ದಂತೆ ಕಣ್ಣ ಮುಂದೆ ಕಪ್ಪು ಚುಕ್ಕೆ, ದಾರದಂಥದ್ದು ತುಂಬಾ ತೇಲಿದರೆ. ಮಿಂಚಿದಂತೆ ಆದರೆ. ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ. ಒಂದು ಕಣ್ಣು ಏಕಾಏಕಿ ಮಸುಕಾದರೆ. ಅವತ್ತೇ ಬನ್ನಿ, ರಾತ್ರಿಯಾದರೂ ಸರಿ. ಮಗುವಿಗೂ ಇದನ್ನು ಹೇಳಿಕೊಡಿ, ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳುವುದನ್ನೂ ಕಲಿಸಿ. ಎರಡೂ ಕಣ್ಣು ತೆರೆದಿದ್ದಾಗ ಒಂದು ಕಣ್ಣಿನ ಮಸುಕು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.